ಬೆಲ್ಲ ಯಾವ ಕಲರ್, ಮಾಮ?

ಅಕ್ಕನ ಮಗಳಿಗೆ ಆರು ವರ್ಷ. ಯುಗಾದಿಗೆ ಮುಂಚೆ ಸ್ಕೂಲಿನಲ್ಲಿ ಬಣ್ಣ ತುಂಬೋಕೆ ಒಂದು ಹಾಳೆ ಕೊಟ್ಟಿದ್ದರು. ಬೇವಿಗೆ ಹಸಿರು ಬಳಿದವಳು ಬೆಲ್ಲದ ಹತ್ತಿರ ಬಂದು ನಿಂತಳು. ‘ಬೆಲ್ಲ ಯಾವ ಕಲರ್, ಮಾಮ?’

ಮಂಡ್ಯ ಜಿಲ್ಲೆಯವರ ಮನೇಲಿ ಕೇಳೋ ಪ್ರಶ್ನೆಯಾ ಇದು! ಆದರೆ ಬೆಂಗಳೂರಿನ ಫ್ಲಾಟಿಗೆ ಬೆಲ್ಲ ಬರೋದು ಪುಡಿಯಾಗಿ, ಪ್ಯಾಕೆಟ್ಟಿನಲ್ಲಿ. ಅವಳದೇನು ತಪ್ಪು? ಹೋದ ವರ್ಷ ಅಪ್ಪ ತೀರಿಕೊಂಡಿದ್ದರಿಂದ ನಮ್ಮಲ್ಲಿ ಹಬ್ಬವೇ ಇರಲಿಲ್ಲ. ಅದಕ್ಕೂ ಹಿಂದಿನ ಯುಗಾದಿ ಅವಳಿಗೆ ನೆನಪಿಲ್ಲ.

ನಮ್ಮ ಟೀಮಿನಲ್ಲಿ ಇಸ್ರೇಲಿನವರೊಬ್ಬರಿದ್ದಾರೆ. ಅವರ ಹೊಸ ವರ್ಷ ರೋಶ್ ಹಶಾನಾ ಬರೋದು ಸೆಪ್ಟೆಂಬರ್ ಇಲ್ಲವೇ ಅಕ್ಟೋಬರಿನಲ್ಲಿ, ಅದೂ ಅಮಾವಾಸ್ಯೆ ಕಳೆದ ಮೇಲೆ. ಮಕ್ಕಳ ಕೈಗೇ ಸೇಬಿನ ಹೋಳು ಕೊಟ್ಟು ಜೇನಿನಲ್ಲಿ ಅದ್ದಿಸಿ ತಿನ್ನಿಸ್ತಾರಂತೆ, ಟಗರಿನ ಕೊಂಬು ಊದಿ ಕೇಳಿಸ್ತಾರಂತೆ. ‘ನಿಮ್ಮದರಲ್ಲಿ ಕಹಿ ಯಾಕೆ?’ ಅಂದಿದ್ದರು. (ಕಹಿ ಸೊಪ್ಪು ಅವರೂ ತಿಂತಾರೆ, ಆದರೆ ಅದು ಪಾಸೋವರ್ ಹಬ್ಬಕ್ಕೆ.) ಆ ಮಾತು ತಲೇಲಿತ್ತು. ಹಬ್ಬಕ್ಕೆ ಎರಡು ದಿನ ಮೊದಲೇ ಅವಳನ್ನೂ, ನಾಲ್ಕು ವರ್ಷದ ಅವಳ ತಮ್ಮನನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟೆ.

ಎಕ್ಸ್‌ಪ್ರೆಸ್‌ವೇಯಲ್ಲೇ ಹೋದರೆ ಮದ್ದೂರು ಸಿಗೋದೇ ಇಲ್ಲ. ಹಳೇ ರಸ್ತೆಗಿಳಿದು ವಡೆ ತಿಂದು, ಮಂಡ್ಯದ ಹತ್ತಿರ ಒಂದು ಆಲೆಮನೆ ಮುಂದೆ ನಿಲ್ಲಿಸಿದೆ. ಗಾಣದಿಂದ ಬೀಳೋ ಹಾಲು ಬೂದು ಬಣ್ಣ. ಕೊಪ್ಪರಿಗೆಯಲ್ಲಿ ಕುದೀತಾ ನೊರೆ ಉಕ್ಕಿದಾಗ ಹಳದಿ. ಒಲೆಗೆ ಹಾಕೋದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಪಾಕ ಗಟ್ಟಿಯಾಗಿ ಅಚ್ಚಿಗೆ ಬಿದ್ದಾಗ ಗಾಢ ಕಂದು. ‘ಅಂಗಡೀಲಿ ಇನ್ನೂ ಬೆಳ್ಳಗಿರ್ತದಲ್ಲ?’ ಅಂದೆ. ‘ಅದು ಕೆಮಿಕಲ್ ಸಾರ್, ನೋಡಕ್ ಚೆಂದ’ ಅಂದರು ಅಲ್ಲಿದ್ದವರು. ಪುಟ್ಟಿ ಕೈಗೆ ಬಿಸಿ ಬೆಲ್ಲದ ತುಣುಕು ಬಂತು. ಮುಂದಿನ ಅರ್ಧ ಗಂಟೆ ಕಾರಿನ ಸೀಟೆಲ್ಲ ಅಂಟು.

ಮಳವಳ್ಳಿ ಕಡೆಯ ನಮ್ಮೂರಲ್ಲಿ ಬೇವು ಹೂ ಬಿಟ್ಟಿತ್ತು. ಹಬ್ಬದ ಬೆಳಿಗ್ಗೆ ಎಣ್ಣೆ ಸ್ನಾನ ಆದ ಮೇಲೆ ಹೂ ಬಿಡಿಸೋದು, ಮಾವಿನೆಲೆ ಪೋಣಿಸೋದು, ಬೆಲ್ಲ ಕುಟ್ಟೋದು ಎಲ್ಲಾ ಮಕ್ಕಳದೇ. ತೋರಣ ಸೊಟ್ಟಗಿತ್ತು; ಅವ್ವ ಸರಿ ಮಾಡೋಕೆ ಬಿಡಲಿಲ್ಲ.

ಹೊನ್ನಾರು ಮಾತ್ರ ನನಗೆ ಸ್ವಲ್ಪ ಕಷ್ಟ ಆಯ್ತು. ವರ್ಷದ ಮೊದಲ ಉಳುಮೆ ಅದು. ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂ ಕಟ್ಟಿ, ಅಪ್ಪ ನಾಲ್ಕು ಸಾಲು ಹೊಡೆದು ಬರ್ತಿದ್ದರು. ಅವರು ಹೋದ ಮೇಲೆ ಎತ್ತು ಮಾರಿದ್ವಿ. ಈ ಸಲ ಚಿಕ್ಕಪ್ಪನ ಟ್ರ್ಯಾಕ್ಟರಿಗೇ ಅರಿಶಿನ ಕುಂಕುಮ. ಹುಡುಗ ಕೈಗೆ ಎಟುಕಿದ ಕಡೆಯೆಲ್ಲ ಬಳಿದ, ಹೆಡ್‌ಲೈಟಿಗೂ.

ಬೇವು-ಬೆಲ್ಲ ಬಾಯಿಗೆ ಹಾಕಿದ್ದೇ ಅವನು ಉಗಿದ. ಪುಟ್ಟಿ ಮುಖ ಕಿವುಚಿಕೊಂಡೇ ಅಗಿದಳು.

‘ಕಹಿ ಜಾಸ್ತಿ ಆಯ್ತು, ಅಜ್ಜಿ.’

‘ತಿನ್ನವ್ವ, ಹೋದ ವರ್ಷದ್ದೂ ಸೇರ್ಕಂಡದೆ’ ಅಂದರು ಅವ್ವ, ಗೋಡೆ ಮೇಲಿನ ಅಪ್ಪನ ಫೋಟೋ ಕಡೆ ನೋಡದೇ.

ಆ ಸಂಜೆ ಚಂದ್ರ ಕಾಣಲಿಲ್ಲ. ಮಾರನೇ ದಿನ ಹೊಸತೊಡಕು, ಮಟನ್ ಸಾರು ಮುಗಿಸಿ ಎಲ್ಲರೂ ತಾರಸಿ ಹತ್ತಿದ್ವಿ. ಮೊದಲು ಕಂಡದ್ದು ಪುಟ್ಟಿಗೆ: ‘ಅಗೋ, ಉಗುರಿನ ಥರ!’ ಚಂದ್ರನ್ನ ನೋಡಿ ದೊಡ್ಡವರಿಗೆ ನಮಸ್ಕಾರ ಮಾಡ್ಬೇಕು ಅಂದೆ. ಅವಳು ಅಜ್ಜಿ ಕಾಲಿಗೆ ಬಿದ್ದಳು, ಆಮೇಲೆ ಕೆಳಗಿಳಿದು ಹೋಗಿ ತಾತನ ಫೋಟೋಗೆ. ತಮ್ಮ ಟ್ರ್ಯಾಕ್ಟರಿಗೂ ನಮಸ್ಕಾರ ಮಾಡಿ ಬಂದ.