ಅರಮನೆ ಬಿದ್ದ ಮೇಲಿನದು

ತಿಕೋಟಾದ ಹಳೇ ಮಾಳಿಗೆ ಮನೆ. ಮಾರ್ಚ್ ಬಿಸಿಲು ಹೊಸ್ತಿಲಾಚೆಯೇ ನಿಂತಿದೆ. ಹಿತ್ತಲಿನ ಶೆಡ್ಡಿನಿಂದ ಒಣಗುವ ದ್ರಾಕ್ಷಿಯ ವಾಸನೆ, ಹುಳಿ, ಸಿಹಿ, ಸ್ವಲ್ಪ ಎಣ್ಣೆಯದ್ದು. ಅಜ್ಜಿ ಸೀರೆಯ ಗಂಟು ಬಿಚ್ಚುತ್ತಾಳೆ.

"ಜ್ವಾಕಿ ರೀ. ಆದಿಲಶಾಹಿ ಅರಮನೀದಂತ ಇದು."

ಗೇಣುದ್ದದ ಹೂದಾನಿ. ಕಡುನೀಲಿ, ಕೆಂಪು, ಸವೆದ ಚಿನ್ನ, ಮೈತುಂಬ ಸೇವಂತಿಗೆ. ಜಪಾನಿನ ಅರಿಟಾದಲ್ಲಿ ಸುಟ್ಟು ಇಮಾರಿ ಬಂದರಿನಿಂದ ಹೊರಡುತ್ತಿದ್ದ ಪಿಂಗಾಣಿಯ ಬಣ್ಣಗಳಿವು. ಆದರೆ ಕೆಂಪು ಯಾಕೋ ತೆಳುವಾಗಿದೆ.

ಎಲ್ಲಿಯದು, ಯಾವ ಕಾಲದ್ದೆಂದು ಹೇಳಲು ತಳ ನೋಡಬೇಕು. ಅಂಗೈ ಬೆವೆತಿದೆ, ಪ್ಯಾಂಟಿಗೆ ಒರೆಸಿಕೊಳ್ಳುತ್ತೀರಿ. ಕುತ್ತಿಗೆ ಹಿಡಿದು ಎತ್ತಬಾರದು. ಒಂದು ಕೈ ಹೊಟ್ಟೆಗೆ, ಇನ್ನೊಂದು ಬುಡಕ್ಕೆ. ಓರೆ ಮಾಡುತ್ತೀರಿ. ಒಳಗೇನೋ ಉರುಳುತ್ತದೆ. ಟಣ್! ಉಸಿರು ನಿಲ್ಲುತ್ತದೆ. ಒಡೆಯಿತೇ? ಬೆರಳು ಬಿಗಿಯುತ್ತದೆ. ಬಿಗಿದಷ್ಟೂ ಜಾರುತ್ತದೆ. ಮಡಿಲಿಗೆ ಒತ್ತಿಕೊಳ್ಳುತ್ತೀರಿ.

ಹೂದಾನಿಯ ಬಾಯಿಂದ ಹುಣಸೆ ಬೀಜವೊಂದು ಬೀಳುತ್ತದೆ.

ಸಾವರಿಸಿಕೊಂಡು ಉಗುರಾಡಿಸುತ್ತೀರಿ. ನೀಲಿ ತಾಕುವುದಿಲ್ಲ, ಅದು ಹೊಳಪಿನ ಕೆಳಗೆ ಕೂತು 1300 ಡಿಗ್ರಿಯ ಹತ್ತಿರದ ಬೆಂಕಿ ಉಂಡಿದೆ. ಕೆಂಪು, ಚಿನ್ನ ಮೇಲೆ ಬಳಿದು ಹದಬೆಂಕಿಯಲ್ಲಿ ಮತ್ತೆ ಸುಟ್ಟದ್ದು, ಉಗುರಿಗೆ ತರಿ ಸಿಗುತ್ತದೆ. ಬಿಳಿ ಮೈ ತೆಳು, ಹೊಳಪಿಲ್ಲದ ಪಾದದಂಚು ಕೆಂಗಂದು. ಜಪಾನಿನದಲ್ಲ. ಚೀನಾದ ಜಿಂಗ್‌ಡೆಜೆನ್‌ನದು.

1644ರಲ್ಲಿ ಮಿಂಗ್ ದೊರೆತನ ಉರುಳಿ ಅಲ್ಲಿಯ ಗೂಡುಗಳು ತಣ್ಣಗಾದವು. ಡಚ್ಚರು ಅರಿಟಾಕ್ಕೆ ಹೊರಳಿ 1659ರಲ್ಲಿ ರಾಶಿ ಸರಕಿಗೆ ಬೇಡಿಕೆ ಕೊಟ್ಟರು. 1683ರ ಹೊತ್ತಿಗೆ ಜಿಂಗ್‌ಡೆಜೆನ್ ಮತ್ತೆ ಬೆಂಕಿ ಹೊತ್ತಿಸಿದಾಗ ಗಿರಾಕಿಯ ರುಚಿಯೇ ಬದಲಾಗಿತ್ತು. ಚೀನಾ ಎಂಬ ಗುರು ಜಪಾನೆಂಬ ಶಿಷ್ಯನ ಅಂಗಿ ತೊಟ್ಟ. ಈ ಬಗೆ ಹೊರಬರತೊಡಗಿದ್ದು 1700ರ ಆಸುಪಾಸಿನಲ್ಲಿ.

ಗಂಟಲು ಒಣಗುತ್ತದೆ. ಕೊನೆಯ ಸುಲ್ತಾನ ಸಿಕಂದರ್ ಆದಿಲಶಾಹ ಔರಂಗಜೇಬನಿಗೆ ಶರಣಾದದ್ದು 1686ರ ಸೆಪ್ಟೆಂಬರಿನಲ್ಲಿ. ವಿಜಯಪುರದ ಒಳಕೋಟೆ ಅರ್ಕಿಲ್ಲೆಯಲ್ಲಿ ಚೀನಿ ಮಹಲ್ ಇದೆ. ಅಲ್ಲಿ ಸಿಕ್ಕ ಪಿಂಗಾಣಿ ಚೂರುಗಳ ರಾಶಿಯಿಂದಲೇ ಆ ಹೆಸರು. ಆದರೆ ಈ ಹೂದಾನಿಯನ್ನು ಆ ಮಹಲಿನಲ್ಲಿ ಇಡುವ ಸುಲ್ತಾನ ಉಳಿದಿರಲಿಲ್ಲ.

"ಹೌದಲ್ರೀ, ಅರಮನೀದು?"

ಹೂಂ ಅಂದರೆ ಮುಗಿಯಿತು. ಯಾರಿಗೆ ನಷ್ಟ? ಕೈಯಲ್ಲಿ ಅದರ ಭಾರ ಈಗ ಇಮ್ಮಡಿ.

"ಅರಮನಿ ಬಿದ್ದ ಮ್ಯಾಲಿಂದು, ಅಜ್ಜಿ."

ಆಕೆ ಮಾತಾಡುವುದಿಲ್ಲ. ಶೆಡ್ಡಿನ ಕಡೆ ಯಾರೋ ಕೆಮ್ಮುತ್ತಾರೆ. ಆಮೇಲೆ ಅಜ್ಜಿ ಬಗ್ಗಿ, ನೆಲದ ಹುಣಸೆ ಬೀಜ ಹೆಕ್ಕಿ, ಸೆರಗಿನಲ್ಲಿ ಒರೆಸುತ್ತಾಳೆ.

"ಇದು ಮಾತ್ರ ನಂದ. ಮದುವ್ಯಾಗಿ ಬಂದ ವರ್ಷ ಚೌಕಾಬಾರಾ ಆಡೂ ಮುಂದ ಕಳದಿತ್ತು."