ಬನ್ನಿಯ ಎಲೆ

ಮಕ್ಕಳೇ, ನೀವು ಎಂದಾದರೂ ಗೆಳೆಯನ ಸಂಗಡ ಮಾತು ಬಿಟ್ಟಿದ್ದೀರಾ? ನಾನು ಬಿಟ್ಟಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಪೂರಾ ನಾಲ್ಕು ತಿಂಗಳು!

ನಮ್ಮೂರು ಜತ್ತ ತಾಲೂಕಿನ ಒಂದು ಸಣ್ಣ ಹಳ್ಳಿ. ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅಪ್ಪ ಸಾಂಗ್ಲಿಯಿಂದ ನನಗೊಂದು ಹಸಿರು ಪೆನ್ನು ತಂದುಕೊಟ್ಟಿದ್ದರು. ನನ್ನ ಜೀವದ ಗೆಳೆಯ, "ಒಂದು ಸಲ ಬರೆದು ಕೊಡುತ್ತೇನೆ" ಎಂದು ಅದನ್ನು ತೆಗೆದುಕೊಂಡ. ಸಂಜೆಯ ಹೊತ್ತಿಗೆ ಪೆನ್ನು ಕಳೆದಿತ್ತು. ಅವನು ಅಳುತ್ತ ದಾರಿಯುದ್ದಕ್ಕೂ ಹುಡುಕಿದ. ನಾನು ಮುಖ ತಿರುಗಿಸಿ ನಡೆದುಬಿಟ್ಟೆ.

ನಮ್ಮಿಬ್ಬರ ಮನೆಗಳೂ ಊರ ಹೊರಗೆ ಹೊಲದಲ್ಲಿದ್ದವು. ಶಾಲೆಗೆ ಒಂದೇ ಕಾಲುದಾರಿ. ಅವನು ಮುಂದೆ, ನಾನು ಹಿಂದೆ. ಅವನು ನಿಂತರೆ ನಾನೂ ನಿಲ್ಲುತ್ತಿದ್ದೆ. ಅವನನ್ನು ನೋಡಬಾರದೆಂದು ನೆಲವನ್ನೇ ನೋಡುತ್ತ ನಡೆಯುತ್ತಿದ್ದೆ. ಪಂಚಮಿಗೆ ಜೋಕಾಲಿ ಕಟ್ಟಿದರು. ಅಲ್ಲಿ ಅವನಿದ್ದಾನೆಂದು ನಾನು ಹೋಗಲಿಲ್ಲ. ನಿಜ ಹೇಳಲೇ? ಪೆನ್ನು ಯಾವಾಗಲೋ ಮರೆತುಹೋಗಿತ್ತು. ಸಿಟ್ಟು ಮಾತ್ರ ಉಳಿದಿತ್ತು.

ಒಂದು ಸಂಜೆ ಅಜ್ಜಿ ಹುಲ್ಲಿನ ಹೊರೆ ಹೊತ್ತು ಬಂದಳು. ಅದನ್ನು ಅಂಗಳದಲ್ಲಿ ಇಳಿಸಿ, ಕತ್ತು ನೀವಿಕೊಳ್ಳುತ್ತ, "ಹೊರಿ ಹೊತ್ತಾಗ ಮುಗಿಲು ಕಾಣಂಗಿಲ್ಲ ತಮ್ಮಾ. ನಾ ಇಳಿಸೇನಿ. ನೀ ಯಾವಾಗ ಇಳಸತಿ?" ಎಂದಳು. ನಾನು ಉತ್ತರ ಕೊಡಲಿಲ್ಲ.

ದಸರೆ ಬಂತು. ಆ ಸಂಜೆ ಬನ್ನಿ ಹಂಚುವುದು ನಿಮಗೂ ಗೊತ್ತು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತ ವರ್ಷವಿಡೀ ಜಗಳವಾಡಿದ ದಾಯಾದಿಗಳೂ ಅಂದು ಕೈಕೈ ಹಿಡಿಯುತ್ತಾರೆ. ನಾನು ಎಲ್ಲರ ಮನೆಗೂ ಹೋದೆ. ಅವನ ಮನೆ ಕೊನೆಗೆ ಉಳಿಯಿತು. ಹೋದಾಗ ಕತ್ತಲಾಗಿತ್ತು. ಅಂಗಳದಲ್ಲಿ ಪಾತ್ರೆ, ಹಾಸಿಗೆಗಳನ್ನು ಗಂಟು ಕಟ್ಟಿ ಇಟ್ಟಿದ್ದರು. ನಸುಕಿನಲ್ಲಿ ಕಬ್ಬು ಕಡಿಯುವ ಟೋಳಿಯೊಂದಿಗೆ ಮನೆಯವರೆಲ್ಲ ಹೊರಡುವವರಿದ್ದರು. ನಮ್ಮ ವರ್ಗದಿಂದ ಪ್ರತಿ ವರ್ಷ ಇಬ್ಬರು ಮೂವರು ಹೀಗೆ ಹೋಗುತ್ತಿದ್ದರು. ಈ ಸಲ ಅವನೂ ಹೊರಟಿದ್ದ.

ನಾನು ಬನ್ನಿಯನ್ನು ಅವನ ಕೈಯಲ್ಲಿಟ್ಟೆ. ಅವನು ಚಡ್ಡಿಯ ಜೇಬಿನಿಂದ ಬನ್ನಿ ತೆಗೆದು ನನಗೆ ಕೊಟ್ಟ. ಯಾವಾಗಿನಿಂದ ಇಟ್ಟುಕೊಂಡಿದ್ದನೋ, ಬಾಡಿಹೋಗಿತ್ತು. ಹತ್ತು ಮಾತು ಆಡಿದೆವೋ ಇಲ್ಲವೋ, ಅವನ ಅವ್ವ ಮಲಗಲು ಕರೆದಳು.

ಮತ್ತೆ ಶಾಲೆಗೆ ಹೊರಟಾಗ ದಾರಿಯಲ್ಲಿ ನಾನೊಬ್ಬನೇ. ಅಂದು ತಲೆ ಎತ್ತಿ ನಡೆದೆ. ಕರಿಯ ಹೊಲದಲ್ಲಿ ಬಿಳಿಜೋಳದ ಸಸಿಗಳು ಸಾಲುಸಾಲಾಗಿ ಎದ್ದಿದ್ದವು. ಎಲೆಯ ತುದಿಗೆ ಒಂದೊಂದು ಇಬ್ಬನಿಯ ಹನಿ. ಬಾವಿಯ ಮೇಲೆ ಬಾಗಿದ ಜಾಲಿಯ ಗಿಡದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಎಣಿಸಿದೆ, ಹನ್ನೊಂದು! ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲಿ. ಗಂಡುಹಕ್ಕಿ ಹುಲ್ಲನ್ನು ಎಳೆಎಳೆಯಾಗಿ ಸೀಳಿ ತಂದು, ಕೊಕ್ಕಿನಿಂದಲೇ ಹೆಣೆಯುತ್ತದೆ. ಅಂದರೆ ಅಷ್ಟೂ ದಿನ ನನ್ನ ತಲೆಯ ಮೇಲೆಯೇ ಆ ಕೆಲಸ ನಡೆದಿತ್ತು. ಈಗ ಮರಿಗಳು ಹಾರಿಹೋಗಿದ್ದವು.

ಒಂದು ಗೂಡು ಕೆಳಗೆ ಬಿದ್ದಿತ್ತು. ಅದನ್ನು ಮನೆಗೆ ತಂದು ಜಂತಿಗೆ ಕಟ್ಟಿದೆ. ಟೋಳಿಯವರು ಊರಿಗೆ ಮರಳುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಅದನ್ನು ಇಲಿ ಕಡಿಯದಂತೆ ನೋಡಿಕೊಳ್ಳಬೇಕಿತ್ತು.