ಬನವಾಸಿಯ ರಾಣಿ ಕಟ್ಟಿಸಿದ ವಿಹಾರ

ಶಿರಸಿಯಿಂದ 23 ಕಿಲೋಮೀಟರು ಸಾಗಿ ಬನವಾಸಿಗೆ ಬಂದಿಳಿದ ಪ್ರವಾಸಿಗರು ಊರನ್ನು ಬಳಸಿ ಹರಿಯುವ ವರದೆಯನ್ನು ಕಂಡು, ಮಧುಕೇಶ್ವರನಿಗೆ ಕೈಮುಗಿದು, ಕಲ್ಲುಮಂಚದ ಕೆತ್ತನೆಗೆ ತಲೆದೂಗಿ ಹಿಂದಿರುಗುವುದು ವಾಡಿಕೆ. ಗುಡಿಯ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಮುಂದೆ ನಿಲ್ಲುವವರು ಕಡಿಮೆ. ಚುಟು ಕುಲದ ದೊರೆಯೊಬ್ಬನ ಮಗಳು ಈ ನಾಗವನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿದಳೆಂದು ಅದರ ಪ್ರಾಕೃತ ಶಾಸನ ಸಾರುತ್ತದೆ. ಶಿಲ್ಪಿಯ ಹೆಸರು ನಟಕ. ಕಲ್ಲಿನಲ್ಲಿ ನಾಗ, ದಾನದಲ್ಲಿ ವಿಹಾರ! ಆ ಕಾಲದವರಿಗೆ ಇದರಲ್ಲಿ ವಿರೋಧವೇನೂ ತೋರಿರಲಾರದು.

ಬುದ್ಧನ ಧರ್ಮ ಈ ನಾಡಿಗೆ ಬಂದುದು ಅದಕ್ಕೂ ಹಿಂದೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಆದರೆ ಇಲ್ಲಿನ ಅರಮನೆ ಗೌರವಿಸಿದ ಬೌದ್ಧ ಪಂಥ ಯಾವುದೆಂಬ ಸುಳಿವು ದೊರೆಯುವುದು ಬನವಾಸಿಯಲ್ಲಲ್ಲ, ದೂರದ ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ ಮಹಾರಾಜನ ಕೈಹಿಡಿದವಳು. ಸೋದರ ಎಹುವುಲ ಚಾಂತಮೂಲನ ಆಳಿಕೆಯ 11ನೆಯ ವರ್ಷದಲ್ಲಿ ಅವಳು ತನ್ನ ತವರಿನಲ್ಲಿ ಮಹೀಶಾಸಕ ಆಚಾರ್ಯರಿಗಾಗಿ ಒಂದು ವಿಹಾರವನ್ನು ಕಟ್ಟಿಸಿ, ಶಿಲಾಸ್ತಂಭವನ್ನು ನಿಲ್ಲಿಸಿದಳು.

ಯಾರು ಈ ಮಹೀಶಾಸಕರು? ಬುದ್ಧನ ಪರಿನಿರ್ವಾಣದ ತರುವಾಯ ಸಂಘವು ಹದಿನೆಂಟು ಪಂಥಗಳಾಗಿ ಕವಲೊಡೆಯಿತೆಂಬುದು ಸಂಪ್ರದಾಯದ ಲೆಕ್ಕ. ಅವುಗಳಲ್ಲಿ ಇದೂ ಒಂದು. ಭೂತ, ವರ್ತಮಾನ, ಭವಿಷ್ಯತ್ತು ಮೂರೂ ಉಂಟೆಂದು ಸರ್ವಾಸ್ತಿವಾದಿಗಳು ವಾದಿಸುತ್ತಿದ್ದರು. ಕಳೆದುಹೋದ ಕರ್ಮ ಇಲ್ಲವೇ ಇಲ್ಲವೆಂದಾದರೆ ಅದು ಇಂದು ಫಲ ಕೊಡುವುದೆಂತು ಎಂಬುದು ಅವರ ಪ್ರಶ್ನೆ. ಮಹೀಶಾಸಕರು ಜಗ್ಗಲಿಲ್ಲ. ಹೋದುದು ಇಲ್ಲ, ಬರಲಿರುವುದೂ ಇಲ್ಲ, ಇರುವುದು ವರ್ತಮಾನವಷ್ಟೇ ಎಂದರು. ಬುದ್ಧನೂ ಸಂಘದಲ್ಲಿ ಸೇರಿದವನೇ, ಆದುದರಿಂದ ಸಂಘಕ್ಕಿತ್ತ ದಾನವೇ ಮಹಾಫಲದಾಯಕ ಎಂಬುದೂ ಅವರ ಮತವಾಗಿತ್ತೆಂದು ವಸುಮಿತ್ರನ ಗ್ರಂಥ ತಿಳಿಸುತ್ತದೆ. ರಾಣಿ ಈ ತರ್ಕವನ್ನೆಲ್ಲ ಅರಗಿಸಿಕೊಂಡೇ ವಿಹಾರ ಕಟ್ಟಿಸಿದಳೆಂದರೆ ಅತಿಶಯೋಕ್ತಿಯಾದೀತು. ಮದುವೆಯಾಗಿ ದೂರ ಹೋದ ಮಗಳಿಗೆ ತವರಿನಲ್ಲಿ ತನ್ನದೊಂದು ಗುರುತು ಉಳಿಯಲೆಂಬ ಆಸೆಯೂ ಇದ್ದಿರಬಹುದು.

ಮಹೀಶಾಸಕರ ವಿನಯಗ್ರಂಥವನ್ನು ಚೀನದ ಯಾತ್ರಿಕ ಫಾಹಿಯಾನ್ 5ನೆಯ ಶತಮಾನದ ಆರಂಭದಲ್ಲಿ ಸಿಂಹಳದಲ್ಲಿ ಪಡೆದು ತನ್ನ ನಾಡಿಗೆ ಒಯ್ದನು. 423-24ರಲ್ಲಿ ಅದು ಚೀನೀ ಭಾಷೆಗೆ ಅನುವಾದವಾಯಿತು. ಆ ಅನುವಾದ ಇಂದಿಗೂ ಉಳಿದಿದೆ.

ನಾಗಾರ್ಜುನಕೊಂಡದ ಕಣಿವೆಗೆ ಆ ಭಾಗ್ಯವಿರಲಿಲ್ಲ. ಅಣೆಕಟ್ಟಿನ ನೀರು ಏರುವ ಮುನ್ನ, 1954ರಿಂದ 1960ರವರೆಗೆ, ಅಲ್ಲಿ ಭರದಿಂದ ಉತ್ಖನನ ನಡೆಯಿತು. ದೊರೆತ ಅವಶೇಷಗಳಲ್ಲಿ ಅನೇಕವನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರು. ಕಣಿವೆ ಜಲಾಶಯದ ತಳ ಸೇರಿತು. ಬೆಟ್ಟದ ನೆತ್ತಿ ಈಗ ದ್ವೀಪ. ಬನವಾಸಿಯ ರಾಣಿಯ ತವರನ್ನು ನೋಡಬಯಸುವವರು ದೋಣಿ ಹತ್ತಬೇಕು.